ಕೆಳಗಿನ ಕೋಣೆಯ ಬಿಸಿಲು

ಸೋಲಾಪುರ
೨ ಫೆಬ್ರುವರಿ ೧೯೭೫, ರವಿವಾರ ಮಧ್ಯಾಹ್ನ

ಪ್ರೀತಿಯ ಅತ್ತೆಯವರಿಗೆ, ಸೊಸೆ ನೀಲಗಂಗಾಳ ಮನಸಾರೆ ಶರಣು.

ಎಲ್ಲಕ್ಕಿಂತ ಮೊದಲು ನಿಮ್ಮ ಮೊಣಕಾಲಿನ ವಿಷಯ ತಿಳಿಸಿ. ಬಲಗಾಲಿನ ಬಾವು ಇಳಿದಿದೆಯೇ? ಅಕ್ಕಲಕೋಟೆಯಲ್ಲಿ ಮುಂಜಾನೆಯ ಥಂಡಿ ಇನ್ನೂ ಬಿಟ್ಟಿಲ್ಲವಂತೆ. ಎದ್ದ ಕೂಡಲೇ ನೆಲಕ್ಕೆ ಕಾಲೂರಿ ನಡೆಯಬೇಡಿ. ಹಾಸಿಗೆಯ ಮೇಲೆಯೇ ಕುಳಿತು ಕಾಲನ್ನು ಸಾವಕಾಶವಾಗಿ ಚಾಚಿ, ಮಡಚಿ, ಮೈ ತುಸು ಬೆಚ್ಚಗಾದ ಮೇಲೆ ಗೋಡೆ ಹಿಡಿದು ಏಳಿ. ಗಂಗುಬಾಯಿಯವರು ಕೇಳಿದರೆ ಬಿಸಿನೀರು ಕೊಡುತ್ತಾರೆ, ಆದರೆ ನೀವು ಕೇಳುವವರಲ್ಲ. ತಮ್ಮನ ಹೆಂಡತಿಯ ಮುಂದೆ ಸಂಕೋಚವೇಕೆ? ಸಿದ್ದಣ್ಣ ಮಾವನವರ ಕೆಮ್ಮು ಈಗ ಹೇಗಿದೆ? ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಮಕ್ಕಳಿಬ್ಬರೂ ಶಾಲೆಗೆ ಹೋಗಿಬರುತ್ತಿದ್ದಾರೆ. ನಿಮ್ಮ ಮಗನಿಗೆ ಲಗ್ನದ ಹಂಗಾಮು ಶುರುವಾಗಿದೆ, ಅಂಗಡಿಯಲ್ಲಿ ಚಾದರ ಬಿಚ್ಚಿ ತೋರಿಸಿ ಮಡಚುವುದರಲ್ಲಿಯೇ ಹೊತ್ತು ಮುಳುಗುತ್ತದೆ.

ಈ ಪತ್ರ ಉದ್ದವಾಗಲಿದೆ, ಕನ್ನಡಕ ಹಾಕಿಕೊಂಡು ಬಿಸಿಲಿಗೆ ಕುಳಿತು ಓದಿ. ಆ ಮನೆಯ ಮಕ್ಕಳಿಗೆ ಮರಾಠಿ ಬಿಟ್ಟರೆ ಬೇರೆ ಓದಲು ಬರುವುದಿಲ್ಲ, ನಮ್ಮ ಮಕ್ಕಳದೂ ಅದೇ ಪಾಡು. ನಾಗಣಸೂರಿನ ಶಾಲೆಯಲ್ಲಿ ನೀವು ಕಲಿತ ನಾಲ್ಕನೆಯ ಇಯತ್ತೆಯ ಕನ್ನಡ, ಭಂಡಾರಕವಠೆಯಲ್ಲಿ ನಾನು ಕಲಿತ ಏಳನೆಯ ಇಯತ್ತೆಯ ಕನ್ನಡ, ಇಷ್ಟೇ ನಮ್ಮಿಬ್ಬರ ನಡುವಿನ ಗುಟ್ಟು. ಹಾಗಾಗಿ ಮನಸ್ಸಿಗೆ ಬಂದಂತೆ ಬರೆಯುತ್ತೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮಾರ್ಕೆಟ್ ಯಾರ್ಡಿಗೆ ತೊಗರಿ ತರುವ ಕಾಮಣ್ಣ ಹೋದ ಸೋಮವಾರ ಮನೆಗೆ ಬಂದಿದ್ದ. ಅಂಗಡಿಯ ಮೆಟ್ಟಿಲ ಮೇಲೆ ನಿಂತೇ ನಿಮ್ಮ ಮಾತು ಹೇಳಿದ. "ಕಸ್ತೂರಬಾಯಾರು ಹೇಳ್ಯಾರ ನೋಡ್ರಿ. ಅವು ಎರಡೂ ಮುದಿಯಾಗ್ಯಾವಂತ, ಕಾಲು ಹಿಡಕೊಂಡಾವಂತ. ನೀಲವ್ವಗ ಮನಿ ಕೆಲಸನ ರಗಡ ಅದ. ಅವುಕ್ಕ ಯಾರಿಗರೆ ಕೊಟ್ಟ ಬಿಡ್ರಿ ಅಂದ್ರು." ಚಹಾ ಕುಡಿದು ಹೋಗು ಎಂದರೂ ನಿಲ್ಲಲಿಲ್ಲ. ನೀವು ಆಡಿದ ಮಾತನ್ನೇ ಅವನು ತಂದನೋ, ದಾರಿಯಲ್ಲಿ ನಾಲ್ಕು ಮಾತು ತಾನೇ ಸೇರಿಸಿದನೋ ತಿಳಿಯದು. ಆದರೆ "ಯಾರಿಗರೆ ಕೊಟ್ಟ ಬಿಡ್ರಿ" ಎನ್ನುವುದು ನಿಮ್ಮದೇ ಮಾತೆಂದು ನನಗೆ ಅನಿಸಿತು. ಅದಕ್ಕೆ ಉತ್ತರ ಕಾಮಣ್ಣನ ಕೈಯಲ್ಲಿ ಕಳಿಸುವಂಥದ್ದಲ್ಲ ಅಂತ ಕಾಗದ ಹಿಡಿದಿದ್ದೇನೆ.

ಅತ್ತೆ, ಬೆಲ್ಲವ್ವ ಚಂದ್ರವ್ವರನ್ನು ನಾನು ಯಾರಿಗೂ ಕೊಡುವುದಿಲ್ಲ. ಯಾಕೆಂದು ಹೇಳಲು ಸ್ವಲ್ಪ ಹಿಂದಿನಿಂದ ಬರಬೇಕು.

ಮಾಳಿಗೆಯ ಹಿಂದಿನ ಕೋಣೆಗೆ ಬಾಡಿಗೆಗಿದ್ದ ವಿಜ್ಞಾನದ ಮಾಸ್ತರರು ಬದಲಿಯಾಗಿ ಹೋಗುವಾಗ ಅವನ್ನು ಪೆಟ್ಟಿಗೆ ಸಮೇತ ನಿಮ್ಮ ಬಾಗಿಲಲ್ಲಿ ಇಟ್ಟು ಕೈಮುಗಿದದ್ದು ನೆನಪಿದೆಯಲ್ಲ. ಗಿನಿಪಿಗ್ ಎಂಬ ಹೆಸರು ನಿಮ್ಮ ಬಾಯಲ್ಲಿ ಒಮ್ಮೆಯೂ ನೆಟ್ಟಗೆ ಬರಲಿಲ್ಲ. ಇಲಿಯೂ ಅಲ್ಲದ ಮೊಲವೂ ಅಲ್ಲದ, ಬಾಲವೇ ಇಲ್ಲದ ಆ ಎರಡು ಮುದ್ದೆಗಳನ್ನು ನೋಡಿ ಓಣಿಯವರೆಲ್ಲ ನಕ್ಕರು. ನೀವು ಮಾತ್ರ ಕಂದು ಬಣ್ಣದ್ದಕ್ಕೆ ಬೆಲ್ಲವ್ವ ಎಂದೂ ಬೆಳ್ಳಗಿದ್ದುದಕ್ಕೆ ಚಂದ್ರವ್ವ ಎಂದೂ ಹೆಸರಿಟ್ಟು ಅವತ್ತೇ ನಿಮ್ಮ ಕಿಟಕಿಯ ಕೆಳಗೆ ಜಾಗ ಮಾಡಿದಿರಿ. ನೀವು ಪೇಟೆಯಿಂದ ಕೊತ್ತಂಬರಿ ಹಿಡಿದು ಮೆಟ್ಟಿಲು ಹತ್ತುವಾಗ ನಿಮ್ಮ ಬಳೆಯ ಸಪ್ಪಳಕ್ಕೇ ಅವು ಮೇಲಿನಿಂದ ಸೀಟಿ ಹೊಡೆಯುತ್ತಿದ್ದವು. "ಬಂದ್ನೆವ್ವ, ಬಂದ್ನಿ" ಎನ್ನುತ್ತ ನೀವು ಹತ್ತುತ್ತಿದ್ದಿರಿ. ಆಗ ನಿಮ್ಮ ಕಾಲು ಚೆನ್ನಾಗಿದ್ದವು, ಅವುಗಳದೂ.

ನೀವು ದೀಪಾವಳಿ ಮುಗಿಸಿ ಅಕ್ಕಲಕೋಟೆಗೆ ಹೋದ ಮೇಲೆ ಕೆಲವು ದಿನ ಅವು ಯಾರ ಬಳೆ ಕೇಳಿದರೂ ಸೀಟಿ ಹೊಡೆದವು. ಆಮೇಲೆ ಬಿಟ್ಟವು. ಮೂಲೆಯಲ್ಲಿ ಒಂದಕ್ಕೊಂದು ಒತ್ತಿಕೊಂಡು ಕೂರುವುದೇ ಹೆಚ್ಚಾಯಿತು. ನಿಮ್ಮ ನೆನಪಿಗೆ ಹೀಗೆ ಕೂತಿವೆ ಅಂದುಕೊಂಡಿದ್ದೆ. ಚಳಿ ಬಿದ್ದ ಮೇಲೆ ಒಂದು ಮುಂಜಾನೆ ಸೊಪ್ಪು ಹಾಕಲು ಹೋದಾಗ ಬೆಲ್ಲವ್ವ ಏಳಲೇ ಇಲ್ಲ. ಏಳಬೇಕೆಂದು ಮುಂಗಾಲಿನ ಮೇಲೆ ಎದೆ ಎತ್ತಿದಳು, ಹಿಂಗಾಲು ಜತೆಗೆ ಬರಲಿಲ್ಲ. ನನ್ನ ಮುಖ ನೋಡಿ ಮತ್ತೆ ಕುಳಿತಳು. ಚಂದ್ರವ್ವ ನಡೆದರೂ ಬಿಸಿ ನೆಲ ತುಳಿದವರ ಹಾಗೆ ಒಂದು ಕಾಲು ಎತ್ತಿ ಎತ್ತಿ ಇಡುತ್ತಿದ್ದಳು. ಸೊಪ್ಪನ್ನು ಬಾಯಿಯ ಹತ್ತಿರವೇ ಹಿಡಿದೆ. ಕಣ್ಣು ಅರ್ಧ ಮುಚ್ಚಿ ಮೆಲ್ಲಗೆ ತಿಂದರು. ಹಸಿವು ಹೋಗಿಲ್ಲ, ಕಾಲು ಹೋಗಿದೆ ಎಂದು ಆಗ ತಿಳಿಯಿತು.

ನಿಮ್ಮ ಮಗನಿಗೆ ಹೇಳಿದೆ. ಅವರು ಅಂಗಡಿಯ ಹಣದ ಗಲ್ಲೆಯ ಮುಂದೆ ಕುಳಿತವರು ತಲೆ ಎತ್ತದೆ, "ಮುದಿಯಾದವು ನೀಲಾ. ಎಷ್ಟ ದಿನ ಅಂತ ಮಾಡ್ತಿ? ನಿನಗರೆ ಎಲ್ಲಿ ಪುರಸೊತ್ತ ಅದ?" ಎಂದರು. ಬೈದದ್ದಲ್ಲ, ನನ್ನ ದಣಿವು ನೋಡಿಯೇ ಅಂದದ್ದು. ಗಿರಾಕಿಯೊಬ್ಬರ ಪರಿಚಯದವ ಯಾವುದೋ ಕಾಲೇಜಿನ ಪ್ರಯೋಗಶಾಲೆಯಲ್ಲಿ ಪ್ರಾಣಿ ನೋಡಿಕೊಳ್ಳುತ್ತಾನೆಂದು ತಿಳಿದು ಅವನಿಗೆ ಹೇಳಿ ಕಳಿಸಿದರು. ಅವನು ಸೈಕಲ್ಲಿನ ಹಿಂದೆ ತಂತಿಯ ಪಂಜರ ಕಟ್ಟಿಕೊಂಡು ಬಂದ. ಅಷ್ಟರಲ್ಲಿ ನಾನು ಬಾಗಿಲಿಗೆ ಅಡ್ಡ ನಿಂತು ಒಂದು ಮಾತು ಸಿದ್ಧ ಮಾಡಿಕೊಂಡಿದ್ದೆ. "ಇವು ನಮ್ಮತ್ತಿಯವ ಅದಾವ. ಅವರ ಬಂದಮ್ಯಾಲ ಅವರನ್ನ ಕೇಳ್ರಿ" ಎಂದೆ. ಅವನು ಜಗಳಕ್ಕೆ ಬರಲಿಲ್ಲ. ಬಗ್ಗಿ, ನಾನು ಸೆರಗಿನಲ್ಲಿ ಹಿಡಿದಿದ್ದ ಬೆಲ್ಲವ್ವನ ಬೆನ್ನಿನ ಮೇಲೆ ಕೈಯಾಡಿಸಿ, ಹಲ್ಲು ನೋಡಿ, "ಇಷ್ಟ ವಯಸ್ಸಾದವು ನಮಗೂ ಬ್ಯಾಡ ಬಾಯಿ. ಸಾಯೋತನಾ ಇಟಗೊಳ್ರಿ" ಎಂದು ಖಾಲಿ ಪಂಜರ ಕಟ್ಟಿಕೊಂಡು ಹೊರಟ.

ನನಗೆ ಗೆದ್ದ ಸಂತೋಷವಾಗಬೇಕಿತ್ತು, ಆಗಲಿಲ್ಲ. ಯಾರಿಗೂ ಬೇಡವಾದವುಗಳನ್ನು ಕಾಯಲು ನಾನು ಬಾಗಿಲಿಗೆ ನಿಂತಿದ್ದೆನೇ ಎನಿಸಿತು. ತಿರುಗಿ ನೋಡಿದರೆ ನಿಮ್ಮ ಮಗ ಕೈಯಲ್ಲಿ ಅರ್ಧ ಮಡಚಿದ ಚಾದರ ಹಿಡಿದು ಹಾಗೇ ನಿಂತಿದ್ದರು. ಆ ದಿನ ಮಧ್ಯಾಹ್ನ ಊಟಕ್ಕೆ ಕುಳಿತಾಗ ಭಾಕರಿ ಮುರಿದರು, ತಿನ್ನಲಿಲ್ಲ. "ದನದ ದವಾಖಾನಿಗೆ ಒಯ್ದು ತೋರ್ಸಿ ಬಾ" ಎಂದಷ್ಟೇ ಹೇಳಿ ಎದ್ದು ಹೋದರು.

ಹೂವಿನ ಬುಟ್ಟಿಯಲ್ಲಿ ನಿಮ್ಮ ಹಳೆಯ ಸೀರೆ ಹಾಸಿ ಇಬ್ಬರನ್ನೂ ಕೂರಿಸಿಕೊಂಡು ಟಾಂಗಾದಲ್ಲಿ ಹೋದೆ. ದವಾಖಾನೆಯ ಅಂಗಳದಲ್ಲಿ ಮಂಗಳವೇಢೆಯ ಕಡೆಯ ರೈತರು ಎತ್ತು ಹಿಡಿದು ನಿಂತಿದ್ದರು. ಒಂದು ಎತ್ತಿಗೆ ನೊಗ ಉಜ್ಜಿ ಹೆಗಲು ಬಾತಿತ್ತು. ನನ್ನ ಬುಟ್ಟಿಯೊಳಗೆ ಇಣುಕಿ ನೋಡಿ ಒಬ್ಬಾತ ನಕ್ಕ, ಆಮೇಲೆ ತಾನೇ ಎತ್ತನ್ನು ಬದಿಗೆ ಎಳೆದು ದಾರಿ ಬಿಟ್ಟ. ಡಾಕ್ಟರರಿಗೂ ಮೊದಲು ನಗು ಬಂತು. "ಎಮ್ಮಿ, ಎತ್ತು ನೋಡಿ ನೋಡಿ ನನಗ ಇಷ್ಟ ಸಣ್ಣ ಪೇಶಂಟ್ ಕಣ್ಣಿಗೇ ಕಾಣವಲ್ದು ಬಾಯಿ" ಎಂದರು. ಆದರೆ ಮುಟ್ಟುವ ಮೊದಲು ಎರಡೂ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡರು. ಬೆಲ್ಲವ್ವನ ಹಿಂಭಾಗಕ್ಕೆ ಒಂದು ಕೈ ಆಸರೆ ಕೊಟ್ಟು, ಇನ್ನೊಂದರಿಂದ ಅವಳ ಕಾಲನ್ನು ಎಳೆ ನೂಲು ಹಿಡಿದ ಹಾಗೆ ಹಿಡಿದು ಮಡಚಿ ನೋಡಿದರು.

"ಮನಷ್ಯಾರಿಗೆ ಆಗ್ತದಲ್ಲ, ಅದೇ ಸಂಧಿವಾತ. ಪೂರಾ ಹೋಗಂಗಿಲ್ಲ. ನೋವು ಮಾತ್ರ ಕಮ್ಮಿ ಮಾಡಬಹುದು" ಎಂದರು. ಏನು ತಿನ್ನಿಸುತ್ತೀರಿ, ಎಲ್ಲಿ ಇಟ್ಟಿದ್ದೀರಿ ಎಂದು ಕೇಳಿದರು. ಮಾಸ್ತರರು ಬಿಟ್ಟುಹೋದ ತಂತಿ ತಳದ ಪೆಟ್ಟಿಗೆಯ ಸಂಗತಿ ಹೇಳಿದಾಗ ತಲೆ ಅಲ್ಲಾಡಿಸಿದರು. ತಂತಿ ಪಾದವನ್ನು ಕೊರೆಯುತ್ತದಂತೆ, ಉಗುರು ಬೆಳೆದು ಬಾಗಿದರೆ ಪಾದ ಸೊಟ್ಟ ಬೀಳುತ್ತದಂತೆ. ಈ ಪ್ರಾಣಿಗಳ ಮೈಗೆ ಹುಳಿಯ ಸತ್ವ ಹೊರಗಿನಿಂದಲೇ ಬರಬೇಕಂತೆ, ಅದು ಕಡಿಮೆಯಾದರೂ ಕೀಲು ನೋಯುತ್ತವಂತೆ. ಚಳಿಗೆ ಒಣ ಮೇವು ಹೆಚ್ಚು ಮಾಡಿ ನಾನು ಕೊತ್ತಂಬರಿ ಕಡಿಮೆ ಮಾಡಿದ್ದೆನಲ್ಲ! ಪೇರಲ ಹಣ್ಣಿನ ಹೋಳು, ನೆಲ್ಲಿಕಾಯಿಯ ಚೂರು, ಕೊತ್ತಂಬರಿ, ಹಸಿ ಕರಿಕೆ ಹುಲ್ಲು ದಿನವೂ ಕೊಡಲು ಹೇಳಿದರು. ಬೆಚ್ಚಗಿಡಿ, ಹಾಸಿಗೆ ಒದ್ದೆಯಾಗಲು ಬಿಡಬೇಡಿ, ನೀರು ಮೇವು ಕತ್ತು ಎತ್ತದೆ ಸಿಗುವ ಹಾಗೆ ಇಡಿ ಎಂದರು. ತಾವೇ ಉಗುರು ಕತ್ತರಿಸಿ ಕೊಟ್ಟರು. ನಾನು ಹೊರಡುವಾಗ, ಏನಾದರೂ ಔಷಧಿ ಹಾಕಿದರೆ ಮೊದಲಿನ ಹಾಗೆ ಓಡಾಡಬಹುದೇ ಎಂದು ಆಸೆಗೆ ಕೇಳಿದೆ. ಅವರು ಕೈ ತೊಳೆಯುತ್ತ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಬಾಯಿ, ಕಾಲು ಬದಲಿ ಮಾಡಾಕ ಆಗಂಗಿಲ್ಲ. ಮನಿ ಬದಲಿ ಮಾಡ್ರಿ."

ಆ ಮಾತು ಹಿಡಿದುಕೊಂಡೇ ಮನೆಗೆ ಬಂದೆ. ತಂತಿಯ ಪೆಟ್ಟಿಗೆಯನ್ನು ತೆಗೆದು ಎಸೆದೆ. ಗಡಿಗೆ ಇಳಿಸಿಡುವ ಅಗಲವಾದ ಹಲಗೆಯ ಸುತ್ತ ಬೆರಳುದ್ದದ ಅಂಚು ಕಟ್ಟಿಸಿ, ಗೋಣಿಯ ಮೇಲೆ ಹರಿದ ಚಾದರದ ಪದರು ಹಾಸಿದೆ. ಸೋಲಾಪುರದಲ್ಲಿ ಇನ್ನೇನಿಲ್ಲದಿದ್ದರೂ ಹರಿದ ಚಾದರಕ್ಕೆ ಬರವೇ? ಆದರೆ ನಿಮ್ಮ ಮಾಳಿಗೆಯ ಕೋಣೆಗೆ ಚಳಿಗಾಲದಲ್ಲಿ ಬಿಸಿಲು ಬಂದ ಹಾಗೆ ಮಾಡಿ ಹೋಗಿಬಿಡುತ್ತದೆ. ಅದಕ್ಕೆ ದಿನವೂ ಬುಟ್ಟಿ ಎತ್ತಿಕೊಂಡು ಕೆಳಗೆ ಅಂಗಳಕ್ಕೆ ಇಳಿದೆ, ಬಿಸಿಲು ಸರಿದ ಮೇಲೆ ಮತ್ತೆ ಹತ್ತಿದೆ. ನಮ್ಮ ಮನೆಯ ಆ ಕಡಿದಾದ ಮರದ ಮೆಟ್ಟಿಲನ್ನು ಮದುವೆಯಾಗಿ ಬಂದಾಗಿನಿಂದ ಹತ್ತಿದ್ದೇನೆ, ಆದರೆ ಅದು ಎಷ್ಟು ಕೆಟ್ಟದ್ದೆಂದು ಈ ಬುಟ್ಟಿ ಹಿಡಿದಾಗಲೇ ಕಂಡೆ. ನೋವಿನ ಜೀವ ಕೈಯಲ್ಲಿದ್ದರೆ ಒಂದೊಂದು ಮೆಟ್ಟಿಲೂ ಕುಲುಕುತ್ತದೆ. ಬಚ್ಚಲು ಕೆಳಗೆ, ನಿಮ್ಮ ಹಾಸಿಗೆ ಮೇಲೆ. ಅಷ್ಟು ವರ್ಷ ನೀವು ಹತ್ತಿ ಇಳಿದಿರಿ, ಬಾಯಿ ಬಿಟ್ಟು ಒಂದು ಮಾತು ಅನ್ನಲಿಲ್ಲ.

ದೀಪಾವಳಿಯ ಮುಂಚಿನ ಆ ದಿನ ನೀವು ನಡು ಮೆಟ್ಟಿಲಲ್ಲಿ ಕುಳಿತುಬಿಟ್ಟದ್ದನ್ನು ನಾನು ಬರೆಯಬಾರದು. ಆದರೂ ಬರೆಯುತ್ತೇನೆ. ಅಂಗಡಿ ತುಂಬ ಗಿರಾಕಿಗಳು. ನಿಮ್ಮ ಮಗ ಗಾಬರಿಯಾಗಿ ಹಮಾಲರನ್ನು ಕೂಗಿದರು. ಅವರು ನಿಮ್ಮನ್ನು ಕುರ್ಚಿಯಲ್ಲಿ ಕೂರಿಸಿ ಗಂಟು ಹೊತ್ತಂತೆ ಮೇಲೆ ಹೊತ್ತರು. ನೀವು ಸೆರಗು ಮುಖದ ಮೇಲೆ ಎಳೆದುಕೊಂಡಿರಿ. ವಾರ ಕಳೆಯುವುದರೊಳಗೆ "ತಮ್ಮನ ಮನ್ಯಾಗ ಸ್ವಲ್ಪ ದಿನ ಇದ್ದು ಬರ್ತೀನಿ" ಎಂದು ಹೊರಟಿರಿ. ಸಂಕ್ರಾಂತಿಗೆ ಎಳ್ಳು ಹೋಳಿಗೆ ತೆಗೆದುಕೊಂಡು ನಾನು ಎಸ್‌ಟಿ ಬಸ್ಸು ಹಿಡಿದು ಅಕ್ಕಲಕೋಟೆಗೆ ಬಂದಾಗ ನೀವು ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದಿರಿ. ಎಲ್ಲರೂ ನಿಮ್ಮನ್ನು ಪ್ರೀತಿಯಿಂದಲೇ ನೋಡಿಕೊಳ್ಳುತ್ತಿದ್ದರು, ಅದರಲ್ಲಿ ಸುಳ್ಳಿಲ್ಲ. ಆದರೆ ನಿಮ್ಮ ಸೀರೆಯ ಗಂಟು ಇನ್ನೂ ಬಿಚ್ಚದೆ ಪಕ್ಕದಲ್ಲೇ ಇತ್ತು. ನನಗೆ ಚಹಾ ಕೊಡುವಂತೆ ಹೇಳುವ ಮೊದಲು ನೀವು ಗಂಗುಬಾಯಿಯವರ ಮುಖ ನೋಡಿದಿರಿ. ನಮ್ಮ ಮನೆಯಲ್ಲಿ ನೀವು ಯಾರ ಮುಖವನ್ನೂ ನೋಡದೆ ಚಹಾ ಇಡಿಸುತ್ತಿದ್ದವರು. ಬಸ್ಸಿನಲ್ಲಿ ತಿರುಗಿ ಬರುವಾಗ ಕಿಟಕಿಯ ಹೊರಗೆ ಜೋಳದ ತೆನೆ ಮೈಲಿಗಟ್ಟಲೆ ತಲೆದೂಗುತ್ತಿದ್ದವು, ನನಗೆ ಒಂದೂ ನೆಟ್ಟಗೆ ಕಾಣಲಿಲ್ಲ.

ಅಲ್ಲಿಂದ ಬಂದ ಮಾರನೆಯ ದಿನವೇ ನಾನು ಬಿಸಿಲು ಹುಡುಕಲು ಶುರು ಮಾಡಿದೆ. ನಗಬೇಡಿ. ಕೆಲಸದ ನಡುವೆ ಮನೆಯ ಒಂದೊಂದು ಕೋಣೆಗೂ ಹೋಗಿ ನಿಂತು ಬಿಸಿಲು ಎಲ್ಲಿ ಬೀಳುತ್ತದೆ, ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂದು ನೋಡಿದೆ. ಅಂಗಡಿಯ ಪಕ್ಕದಲ್ಲಿ ಚಾದರದ ಗಂಟು ಒಟ್ಟುವ ಕೋಣೆ ಇದೆಯಲ್ಲ, ದಕ್ಷಿಣದ ಓಣಿಗೆ ದೊಡ್ಡ ಕಿಟಕಿ ಇರುವುದು, ಅಲ್ಲಿ ಮುಂಜಾನೆಯಿಂದ ಸಂಜೆಯವರೆಗೆ ಬಿಸಿಲು. ಅಷ್ಟು ಒಳ್ಳೆಯ ಬಿಸಿಲನ್ನು ಇಷ್ಟು ವರ್ಷ ಚಾದರಗಳು ಕಾಯಿಸಿಕೊಂಡು ಮಲಗಿದ್ದವು! ಕೋಣೆ ಖಾಲಿ ಮಾಡಿಕೊಡಿ ಎಂದು ನಿಮ್ಮ ಮಗನನ್ನು ಕೇಳಿದೆ. "ಲಗ್ನದ ಸೀಜನ್‌ದಾಗ? ತಲಿ ಕೆಟ್ಟದೇನು? ಮಾಲು ನನ್ನ ತಲಿ ಮ್ಯಾಲ ಇಟಗೊಳ್ಲಿ?" ಎಂದರು. ನಾನು ವಾದಿಸಲಿಲ್ಲ. ಕಿಟಕಿಯ ಹತ್ತಿರದ ಎರಡು ಗಂಟುಗಳನ್ನು ಸರಿಸಿ, ನಡುವೆ ಹಲಗೆ ಇಟ್ಟು, ಇಬ್ಬರನ್ನೂ ಅಲ್ಲಿ ತಂದು ಕೂರಿಸಿದೆ.

ಅತ್ತೆ, ಆ ಮಧ್ಯಾಹ್ನಗಳನ್ನು ಹೇಗೆ ಹೇಳಲಿ? ಊಟದ ಪಾತ್ರೆ ತೊಳೆದು ಕೆಳಗೆ ಹೋಗಿ ಗಂಟಿಗೆ ಒರಗಿ ಕೂರುತ್ತಿದ್ದೆ. ಹಿಂದಿನ ಓಣಿಯ ಮಗ್ಗಗಳ ಸದ್ದು ಒಂದೇ ಸಮನೆ ಬರುತ್ತಿರುತ್ತದೆ, ಸ್ವಲ್ಪ ಹೊತ್ತಾದ ಮೇಲೆ ಅದು ಸದ್ದೆಂದೇ ಅನಿಸುವುದಿಲ್ಲ, ಕೋಣೆಯೇ ಉಸಿರಾಡುತ್ತಿದೆ ಅನಿಸುತ್ತದೆ. ಹತ್ತಿಯ ಎಳೆಗಳು ಬಿಸಿಲಿನಲ್ಲಿ ತೇಲುತ್ತಿರುತ್ತವೆ, ಬೀಳುವ ಅವಸರವೇ ಅವಕ್ಕಿಲ್ಲ. ಹೊಸ ಚಾದರದ ಬಣ್ಣದ ವಾಸನೆ. ಬೆಲ್ಲವ್ವ ಹೊಟ್ಟೆಯನ್ನು ಬಿಸಿ ಗೋಣಿಗೆ ಅಂಟಿಸಿ, ನೋಯುವ ಕಾಲನ್ನು ಪಕ್ಕಕ್ಕೆ ಚೆಲ್ಲಿ ಮಲಗುತ್ತಾಳೆ. ಬಿಸಿಲು ಸರಿದ ಹಾಗೆ ತಾನೂ ತೆವಳಿ ಸರಿಯುತ್ತಾಳೆ. ಚಂದ್ರವ್ವನ ಕಿವಿಯಲ್ಲಿ ಬಿಸಿಲು ಹಾಯ್ದು ಗುಲಾಬಿ ಬಣ್ಣದ ನರ ಕಾಣುತ್ತವೆ. ನಿದ್ದೆಯಲ್ಲಿ ಅವಳ ಪಾದ ಅಲುಗುತ್ತವೆ, ಬಾಯಿ ಏನನ್ನೋ ಮೆಲ್ಲುತ್ತದೆ. ಯಾವ ಹಸಿರು ಹೊಲದಲ್ಲಿ ಓಡುತ್ತಿದ್ದಾಳೋ. ಮೈ ತಾವೇ ನೆಕ್ಕಿಕೊಳ್ಳಲು ಬಗ್ಗಲಾಗದೆ ಅವುಗಳ ಹಿಂಭಾಗದ ಕೂದಲು ಸಿಕ್ಕುಗಟ್ಟಿತ್ತು. ಬೆಚ್ಚಗಿನ ಒದ್ದೆ ಬಟ್ಟೆಯಿಂದ ಒರೆಸಿ, ಬಾಚಿ, ಒಣಗಿಸುತ್ತ ಕುಳಿತರೆ ನನ್ನ ಕೈ ಯಾವಾಗ ನಿಂತಿತೋ, ಕಣ್ಣು ಯಾವಾಗ ಮುಚ್ಚಿತೋ ತಿಳಿಯುತ್ತಿರಲಿಲ್ಲ.

ಹಾಗೆ ಒಮ್ಮೆ ಜೊಂಪು ಹತ್ತಿದಾಗ ನೀವು ಕನಸಿನಲ್ಲಿ ಬಂದಿರಿ. ನಾಗಣಸೂರಿನ ನಿಮ್ಮ ತವರಿನ ಹೊಲ, ಜೋಳ ಎದೆಯುದ್ದ. ನೀವು ನನಗಿಂತ ಚಿಕ್ಕವರು, ಹಸಿರು ಇಳಕಲ್ಲ ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿದ್ದೀರಿ. ಸಾಲುಗಳ ನಡುವೆ ಸರಸರ ನಡೆಯುತ್ತಿದ್ದೀರಿ, ನಾನು ಹಿಂದೆ ಓಡಿದರೂ ಸಿಗುತ್ತಿಲ್ಲ. "ಸಾವಕಾಶ ಅತ್ತಿ, ಕಾಲು!" ಎಂದು ಕೂಗುತ್ತೇನೆ. ನೀವು ತಿರುಗಿ, "ಯಾರ ಕಾಲು ನೀಲವ್ವ?" ಎಂದು ನಗುತ್ತೀರಿ. ಎಚ್ಚರವಾದಾಗ ನನ್ನ ತೊಡೆಯ ಮೇಲೆ ಬೆಲ್ಲವ್ವ ಇದ್ದಳು. ಹಲಗೆಯ ಅಂಚು ದಾಟಿ ತಾನಾಗಿಯೇ ಬಂದಿದ್ದಳು. ಪೇರಲ, ನೆಲ್ಲಿಕಾಯಿ ಅಷ್ಟು ಕೆಲಸ ಮಾಡಿದ್ದವು. ಮೊದಲಿನ ಓಟವಲ್ಲ ಅತ್ತೆ, ಕುಂಟುತ್ತಲೇ ಬಂದಿರಬೇಕು. ಆದರೂ ಬಂದಿದ್ದಳು.

ಇನ್ನು ನಿಮ್ಮ ಮಗನ ಸಂಗತಿ. ವಾರ ಹತ್ತು ದಿನದ ಹಿಂದೆ ಇರಬೇಕು, ಮೇಲೆ ಜೋಳ ಹಸನು ಮಾಡುತ್ತ ಕುಳಿತಿದ್ದೆ. ಕೆಳಗೆ ಹೋಗಿ ನೋಡಿದರೆ ಅಂಗಡಿಯಲ್ಲಿ ಯಾರೂ ಇಲ್ಲ, ಗಲ್ಲೆಯ ಮುಂದೆ ಖಾಲಿ ಗಾದಿ. ಪಕ್ಕದ ಕೋಣೆಯಿಂದ ನಿಮ್ಮ ವಾತದ ಎಣ್ಣೆಯ ವಾಸನೆ ಬಂತು. ಒಂದು ಕ್ಷಣ ನೀವೇ ಬಂದಿರೇನೋ ಎಂದುಕೊಂಡೆ. ಇಣುಕಿದೆ. ಅವರು ನೆಲದ ಮೇಲೆ ಪದ್ಮಾಸನ ಹಾಕಿ, ತೊಡೆಯ ಮೇಲೆ ಬೆಲ್ಲವ್ವನನ್ನು ಕೂರಿಸಿಕೊಂಡು, ನಿಮ್ಮ ಸೀಸೆಯ ಎಣ್ಣೆಯನ್ನು ಒಂದೇ ಬೆರಳಿನಿಂದ ಅವಳ ಹಿಂಗಾಲಿಗೆ ತಿಕ್ಕುತ್ತಿದ್ದರು. ತಿಕ್ಕುತ್ತ ಅವಳ ಜತೆಗೆ ಮಾತು ನಡೆದಿತ್ತು. "ಇಲ್ಲಿ ನೋಯ್ತದೇನವ್ವ? ಇಲ್ಲಿ? ಹೇಳಬೇಕವ್ವ, ಹೇಳದಿದ್ರ ನಮಗ ಹೆಂಗ ತಿಳೀಬೇಕು?"

ನಾನು ಒಳಗೆ ಹೋದೆ. "ಎಣ್ಣಿ ಹಚ್ಚಬ್ಯಾಡ್ರಿ, ನೆಕ್ಕಿಕೋತಾವ, ಹೊಟ್ಟಿಗೆ ಹೋಗ್ತದ" ಎಂದೆ. ಕಳ್ಳತನದಲ್ಲಿ ಸಿಕ್ಕ ಹುಡುಗನ ಹಾಗೆ ಅವರ ಮುಖವಾಯಿತು. ಇಬ್ಬರೂ ಸೇರಿ ಬೆಚ್ಚಗಿನ ನೀರಿನಲ್ಲಿ ಅವಳ ಕಾಲು ತೊಳೆದೆವು. ಅವರು ಅವಳನ್ನು ಎದೆಗೆ ಹಿಡಿದಿದ್ದರು, ನಾನು ನೀರು ಹಾಕುತ್ತಿದ್ದೆ. ಆಗ ಅವರು ನನ್ನನ್ನು ನೋಡದೆಯೇ ಹೇಳಿದರು. "ಆ ದಿನ ಹಮಾಲರು ಮ್ಯಾಲ ಒಯ್ದು ಇಳಿಸಿದ್ರಲ್ಲ, ಅವ್ವ ನನ್ನ ಕಡೆ ನೋಡಲೇ ಇಲ್ಲ ನೀಲಾ. ನಾನ ಎತ್ತಬೇಕಾಗಿತ್ತು. ಇಲ್ಲಾ ಅಕಿ ಜೋಡಿ ಅಲ್ಲೇ ಮೆಟ್ಟಿಲ ಮ್ಯಾಲ ಕುಂತರೂ ಆಗ್ತಿತ್ತು. ನೋವು ಕಮ್ಮಿ ಆಗೋ ತನಾ." ನಾನು ಬೆಲ್ಲವ್ವನ ಕಾಲು ಒರೆಸಿದೆ. ಅವರು ಕಿಟಕಿಯ ಬಿಸಿಲಿನ ಕಡೆ ತಿರುಗಿ ಕುಳಿತರು. ಗಿರಾಕಿಯೊಬ್ಬ ಬಂದು ಕೂಗಿದ, ಏಳಲಿಲ್ಲ. ಕೊನೆಗೆ "ಇಂಥಾ ಬಿಸಿಲು ಬರೋ ಜಾಗಾದಾಗ ಚಾದರ ಯಾಕ ಮಲಗಬೇಕು?" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಮರುದಿನ ಗಂಟುಗಳೆಲ್ಲ ಮೇಲೆ ಹೋದವು. ಹಮಾಲರು ಬೈದುಕೊಳ್ಳುತ್ತ ಹೊತ್ತರು. ನಿಮ್ಮ ಮಗನೂ ಅಂಗಿ ಕಳಚಿ ಅವರ ಜತೆ ಹೊತ್ತರು. ಕೋಣೆ ತೊಳೆದು ಸುಣ್ಣ ಹಚ್ಚಿಸಿದೆವು. ಈಗ ಬೆಲ್ಲವ್ವ ಚಂದ್ರವ್ವರಿಗೆ ಇಡೀ ಕೋಣೆಯೇ ಅರಮನೆ. ಓಣಿಯ ಸೋನಾಬಾಯಿ ಬಂದು ನೋಡಿ, "ಎರಡು ಇಲಿಗೆ ಇಷ್ಟ ದೊಡ್ಡ ಖೋಲಿ ಕೊಟ್ಟೀರಿ, ನಿಮಗ ಹುಚ್ಚ ಹಿಡದದ" ಎಂದು ಊರೆಲ್ಲ ಸಾರಿದ್ದಾರೆ. ಸಾರಲಿ. ಇಬ್ಬರೂ ಮುಪ್ಪಿನವರು, ಇನ್ನೆಷ್ಟು ಕಾಲವೋ ಶಿವನಿಗೆ ಗೊತ್ತು. ಚಳಿಯ ಮುಂಜಾನೆ ಇನ್ನೂ ನೋವು ಇದ್ದೇ ಇದೆ. ಅಂಥ ದಿನ ಕಾಯಿಸಿದ ಮರಳಿನ ಚೀಲ ಪಕ್ಕದಲ್ಲಿಟ್ಟು, ಎಬ್ಬಿಸದೆ ಬಿಡುತ್ತೇನೆ. ಬಿಸಿಲು ಏರಿದ ಮೇಲೆ ತಾವೇ ಏಳುತ್ತಾರೆ. ಅವಸರ ಮಾಡದಿದ್ದರೆ ಅವರಿಗೆ ಎಲ್ಲವೂ ಸಾಧ್ಯವಿದೆ. ಅದಕ್ಕೇ ಹೇಳಿದೆ, ಯಾರಿಗೂ ಕೊಡುವುದಿಲ್ಲ. ಕಾಮಣ್ಣನಿಗೆ ನೀವೇ ಹೇಳಿಬಿಡಿ.

ಕೈ ಸೋತಿತು, ಮಕ್ಕಳು ಆಟ ಮುಗಿಸಿ ಬರುವ ಹೊತ್ತೂ ಆಯಿತು. ಸಿದ್ದಣ್ಣ ಮಾವನವರಿಗೆ, ಗಂಗುಬಾಯಿಯವರಿಗೆ ನಮ್ಮೆಲ್ಲರ ಶರಣು ತಿಳಿಸಿ. ಅಲ್ಲಿಯ ಮಕ್ಕಳಿಗೆ ನನ್ನ ಮುದ್ದು. ಮೊಮ್ಮಕ್ಕಳು ನಿಮಗೆ ಕೈಮುಗಿದಿದ್ದಾರೆ. ಸಿದ್ಧರಾಮನು ನಿಮ್ಮ ಕಾಲಿಗೆ ಬಲ ಕೊಡಲಿ, ನಿಮ್ಮ ಹರಕೆ ನಮ್ಮ ಮೇಲಿರಲಿ.

ನಿಮ್ಮ ಮಗಳಂಥ ಸೊಸೆ,
ನೀಲಗಂಗಾ

ತಾ. ಕ.: ಪಾಕೀಟಿಗೆ ಅಂಟು ಹಚ್ಚುವ ಮುನ್ನ ಅವಸರದಲ್ಲಿ ಬರೆಯುತ್ತಿದ್ದೇನೆ. ಲಗ್ನದ ಹಂಗಾಮಿನಲ್ಲಿ ಎರಡು ಸಣ್ಣ ಪ್ರಾಣಿಗಳಿಗೆ ಯಾವ ವ್ಯಾಪಾರಿಯಾದರೂ ಒಂದು ಕೋಣೆ ಖಾಲಿ ಮಾಡುತ್ತಾನೆಯೇ ಅತ್ತೆ? ಕೋಣೆ ನಿಮಗೆ. ನಿಮ್ಮ ಮಗ ಬಡಿಗೇರನನ್ನು ಕರೆಸಿ ನಿಮ್ಮ ಮಂಚದ ಕಾಲು ಕೊಯ್ಯಿಸಿದ್ದಾರೆ, ಕುಳಿತರೆ ನಿಮ್ಮ ಪಾದ ನೆಲಕ್ಕೆ ಪೂರ್ತಿ ತಾಗುತ್ತದೆ. ಬಚ್ಚಲಿನ ಮುಂದಿನ ಕಟ್ಟೆ ಒಡೆಸಿ ಇಳಿಜಾರು ಮಾಡಿಸಿ, ಗೋಡೆಗೆ ಹಿಡಿಕೆ ಬಡಿಸಿದ್ದಾರೆ. ಹಸಿ ಸಿಮೆಂಟು ಗುರುವಾರದೊಳಗೆ ಒಣಗುತ್ತದೆ. ಸ್ಟೋವು ಕೆಳಗೆ ತಂದಿದ್ದೇನೆ, ನಾವೆಲ್ಲ ಈಗ ಅಲ್ಲೇ ಉಣ್ಣುತ್ತೇವೆ. ಗುರುವಾರ ಮುಂಜಾನೆ ನಿಮ್ಮ ಮಗ ಬರುತ್ತಾರೆ. ಎಸ್‌ಟಿಯ ಮೆಟ್ಟಿಲು ಎತ್ತರವೆಂದು ಬಾಡಿಗೆ ಕಾರು ಮಾತಾಡಿದ್ದಾರೆ. ಹಮಾಲರು ಬರುವುದಿಲ್ಲ, ಯಾರೂ ನಿಮ್ಮನ್ನು ಹೊರುವುದಿಲ್ಲ, ನೀವೇ ನಡೆದು ಕಾರು ಹತ್ತಬೇಕು, ಎಷ್ಟು ಹೊತ್ತಾದರೂ ಆಗಲಿ. ಏನೇನು ಮಾತಾಡಬೇಕೆಂದು ಅವರು ಮೂರು ದಿನದಿಂದ ಜೋಡಿಸಿಕೊಳ್ಳುತ್ತಿದ್ದಾರೆ. ನಿಮ್ಮನ್ನು ಕಂಡ ಕೂಡಲೇ ಎಲ್ಲ ಮರೆತು "ಊಟ ಆತೇನವ್ವ?" ಎಂದಷ್ಟೇ ಕೇಳುತ್ತಾರೆ, ನನಗೆ ಗೊತ್ತು. ಅದನ್ನೇ ದೊಡ್ಡ ಮಾತೆಂದು ತಿಳಿಯಿರಿ. ಚಹಾ ಕುಡಿಸಿ "ಹೋಳಿ ಆಗ್ಲಿ, ನೋಡೋಣು" ಎಂದು ತಿರುಗಿ ಕಳಿಸಬೇಡಿ. ಅವರ ಜತೆ ಬಂದುಬಿಡಿ. ಪ್ರಾಣಿಗಳ ನೆಪ ಇಲ್ಲಿಗೆ ಸಾಕು. ನನಗೆ ನೀವು ಬೇಕು.